ಮಂಜಿನ ಗಂಟೆಯ ಮೇಲೊಂದು ಪ್ರಶ್ನೆ

ಲಂಡನ್
೧೨ ನವೆಂಬರ್ ೧೯೫೩

ಅಕ್ಕಾ,

ಇವತ್ತು ಮಧ್ಯಾಹ್ನ ಮೂರು ಗಂಟೆ ಹದಿನೇಳು ನಿಮಿಷಕ್ಕೆ ಪಾರ್ಲಿಮೆಂಟಿನಲ್ಲಿ ನಮ್ಮ ಸ್ಕೆಲ್‌ಬೆಕ್ ಊರಿನ ಹೆಸರು ಕೇಳಿಸಿತು. ಗಡಿಯಾರ ನೋಡಿ ಬರೆದಿಟ್ಟುಕೊಂಡಿದ್ದೇನೆ. ಎಂಟು ವರ್ಷದಿಂದ ಈ ಹಿಂದಿನ ಬೆಂಚಿನಲ್ಲಿ ಕೂತು ಕಲ್ಲಿದ್ದಲು, ಉಕ್ಕು, ಈಜಿಪ್ಟು, ಬೆಣ್ಣೆಯ ಪಡಿತರ ಎಲ್ಲದರ ಹೆಸರು ಕೇಳಿದ್ದೇನೆ. ನಮ್ಮೂರಿನದು ಇದೇ ಮೊದಲು.

ಗಂಟೆಯ ವಿಷಯಕ್ಕೆ ನಾನು ಬರೆದ ಕಾಗದಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದದ್ದು ನಿನಗೆ ಗೊತ್ತು. ನಮ್ಮ ಪಕ್ಷದವರೇ ಮಂತ್ರಿಗಳಾಗಿದ್ದಾಗ, 'ಸಭೆಯಲ್ಲಿ ಕೇಳಿ ನಮಗೆ ಮುಜುಗರ ಮಾಡಬೇಡಪ್ಪ' ಎಂದರು. ಈಗ ನಾವು ವಿರೋಧದ ಕಡೆ ಕೂತಿದ್ದೇವೆ, ಮುಜುಗರದ ಚಿಂತೆ ಇಲ್ಲ. ಸಭಾಧ್ಯಕ್ಷರು ನನ್ನ ಹೆಸರು ಕರೆದರು. ಎದ್ದು, 'ಮೂವತ್ತೊಂದನೆಯ ಪ್ರಶ್ನೆ, ಸ್ವಾಮಿ' ಎಂದೆ. ಇಲ್ಲಿ ಪ್ರಶ್ನೆ ಓದುವಂತಿಲ್ಲ, ಅದು ಮೊದಲೇ ಅಚ್ಚಾಗಿರುತ್ತದೆ. ಮಂಜಿನಲ್ಲಿ ಮರಳಿನ ಮೇಲಿದ್ದವರಿಗೆ ದಡ ತೋರಿಸುತ್ತಿದ್ದ, ೧೯೪೦ರಲ್ಲಿ ಯುದ್ಧಕ್ಕೆಂದು ಸರ್ಕಾರದ ಲಾರಿ ಹೊತ್ತೊಯ್ದ ಸ್ಕೆಲ್‌ಬೆಕ್‌ನ ಮಂಜಿನ ಗಂಟೆಯನ್ನು ಮತ್ತೆ ಅದರ ಕಂಬಕ್ಕೆ ತೂಗುಹಾಕಿಸುತ್ತೀರಾ ಎನ್ನುವುದಷ್ಟೇ ಪ್ರಶ್ನೆ. ಬಂದರುಗಳ ಮಂತ್ರಿ ಎದ್ದು, 'ಅದು ನನ್ನ ಇಲಾಖೆಗೆ ಸೇರಿದ್ದಲ್ಲ' ಎಂದು ಕೂತರು.

ಮಿಕ್ಕಿದ್ದನ್ನು ಸಭೆಯ ವರದಿಯಲ್ಲೇ ಓದು, ಲಗತ್ತಿಸಿದ್ದೇನೆ. ಚಿಪ್ಪಿ ಆಯುವ ಹೆಂಗಸರಿಗೂ ಓದಿ ಹೇಳು. ಮಂಜಿನ ದಿನಗಳಲ್ಲಿ ಕಡಲ ಮರಳಿಗೆ ಹೋಗಬೇಡಿ ಎಂದು ಅವರಿಗೆ ಹೇಳು. ನೀನೂ ಮನೆಯಲ್ಲೇ ಇರು. ಅಮ್ಮನ ಬೈಬಲ್ ಮುಟ್ಟಿ ಕೊಟ್ಟ ಮಾತು ನೆನಪಿರಲಿ.

ನಿನ್ನ ತಮ್ಮ,
ಅಮೋಸ್


ಸ್ಕೆಲ್‌ಬೆಕ್
೧೭ ನವೆಂಬರ್ ೧೯೫೩

ತಮ್ಮಾ,

ವರದಿ ಬಂತು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಮಂದಿರದ ಅಡುಗೆಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ ಓದಿದೆ. ಚಹಾ ಆರಿಹೋದರೂ ಯಾರೂ ಮುಟ್ಟಲಿಲ್ಲ.

'ಶ್ರೀ ಅಮೋಸ್ ಗ್ಯಾಸ್ಕರ್ಥ್' ಎಂದು ಅಚ್ಚಿನಲ್ಲಿ ನೋಡಿ ನನಗೆ ನಗು ಬಂತು. ಹದಿನೆಂಟು ವರ್ಷ ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಕೂತು ಸನ್ನೆಕೋಲು ಎಳೆದವನು, ಚಡ್ಡಿಯಲ್ಲಿ ನನ್ನ ಬೆನ್ನಿಗೆ ಅಂಟಿಕೊಂಡು ಚಿಪ್ಪಿ ಆಯಲು ಬರುತ್ತಿದ್ದವನು, ಈಗ 'ಮಾನ್ಯ ಸದಸ್ಯರು'. ನೀನು ಕೇಳಿದ ಉಪಪ್ರಶ್ನೆಯನ್ನು ಎರಡು ಸಲ ಓದಿಸಿದರು: 'ಯುದ್ಧ ಮುಗಿದು ಎಂಟು ವರ್ಷವಾಯಿತು. ಗಂಟೆ ಮರಳಿಸಲು ಮಂತ್ರಿಗಳು ಇನ್ನಾವ ಶತ್ರು ಸೋಲಲಿ ಎಂದು ಕಾಯುತ್ತಿದ್ದಾರೆ?' ಅದರ ಕೆಳಗೇ ಕಂಸದಲ್ಲಿ, 'ಮಾನ್ಯ ಸದಸ್ಯರು: ಓಹ್!' ಎಂದಿದೆ.

ಅಲ್ಲಿ ಓದು ನಿಲ್ಲಿಸಿದೆ. ಹೆಪ್ಸಿ ಕೇಳಿದಳು, "ಎಲ್ರೂ ಒಟ್ಟಿಗೆ ಅಂದ್ರಾ ಹಾಗೆ?"

"ಅಚ್ಚಾಗಿದೆಯಲ್ಲೇ, ಎಲ್ರೂ ಅಂದಿರ್ಬೇಕು."

"ಆರುನೂರು ಜನಾನೂ! ಪಾಪ, ನಮ್ ಕಷ್ಟ ಅವ್ರಿಗೆ ತಟ್ಟಿದೆ ನೋಡು," ಎಂದು ಅವಳು ಮೂಗು ಒರೆಸಿಕೊಂಡಳು. ಮುದುಕಿ ಲೆಟ್ಟಿ ಮಾತ್ರ, "ಓಹ್ ಅಂದ್ರೆ ಗಂಟೆ ಬರತ್ತಾ? ಬಂದ ಮೇಲೆ ಹೇಳಿ," ಎಂದು ಗೊಣಗಿದಳು. ಅವಳ ಬಾಯಿ ನಿನಗೆ ಗೊತ್ತೇ ಇದೆ.

ಮರಳಿಗೆ ಹೋಗಬೇಡಿ ಎಂದರೆ ಯಾರು ಕೇಳುತ್ತಾರೆ? ಸಮುದ್ರದ ಇಳಿತ ಮಂಜನ್ನು ನೋಡಿಕೊಂಡು ಬರುವುದಿಲ್ಲ, ಹೊಟ್ಟೆಯೂ ಕಾಯುವುದಿಲ್ಲ. ನಾನು ಚೆನ್ನಾಗಿದ್ದೇನೆ. ಸ್ವಲ್ಪ ಕೆಮ್ಮು.

ಡೈನಾ


ಲಂಡನ್
೨ ಡಿಸೆಂಬರ್ ೧೯೫೩

ಅಕ್ಕಾ,

ಯುದ್ಧಸಾಮಗ್ರಿಯ ಇಲಾಖೆಗೆ ಹಾಕಿದ ಪ್ರಶ್ನೆಗೆ ನಲವತ್ತೇಳನೆಯ ಸಂಖ್ಯೆ ಬಿದ್ದಿತ್ತು. ಮೂರೂವರೆಗೆ ಪ್ರಶ್ನೋತ್ತರ ಮುಗಿಯಬೇಕು. ನಲವತ್ತೆರಡಕ್ಕೆ ನಿಂತುಹೋಯಿತು. ಹಾಗೆ ಉಳಿದವಕ್ಕೆ ಉತ್ತರವನ್ನು ಬರೆದು ಕೊಡುತ್ತಾರೆ. ಗಂಟೆಯನ್ನು ಒಯ್ದದ್ದು ನಿಜ, ಎಲ್ಲಿಟ್ಟರು ಎನ್ನುವುದಕ್ಕೆ ದಾಖಲೆ ಇಲ್ಲ, ಮರಳಿಸುವುದು ಕರಾವಳಿ ಜಮೀನು ನೋಡಿಕೊಳ್ಳುವವರ ಕೆಲಸ ಎಂದು ಬರೆದಿದ್ದಾರೆ. ಇನ್ನು ಅವರನ್ನು ಕೇಳಬೇಕು.

ನನ್ನ ಜಾಗ ಎಲ್ಲಿದೆ ಗೊತ್ತೇ? ಕಟ್ಟಕಡೆಯ ಸಾಲು, ಮೇಲಿನ ಗ್ಯಾಲರಿಯ ನೆರಳಿನಲ್ಲಿ. ಊಟದ ಹೊತ್ತು ಕಳೆದ ಮೇಲೆ ಎತ್ತರದ ಕಿಟಕಿಯಿಂದ ಮಸುಕು ಬೆಳಕು ಇಳಿಯುತ್ತದೆ. ಹಸಿರು ಚರ್ಮದ ಬೆಂಚುಗಳು ಅರ್ಧ ಖಾಲಿಯಾಗಿರುತ್ತವೆ. ಯಾರೋ ಮಾತಾಡುತ್ತಿರುತ್ತಾರೆ. ಕೇಳುತ್ತಾ ಕೇಳುತ್ತಾ ಬೆಂಚುಗಳು ನಮ್ಮ ದಡದ ಉಪ್ಪುಹುಲ್ಲಿನ ಬಯಲಾಗುತ್ತವೆ, ಮಾತು ದೂರದ ಉಬ್ಬರದ ಸದ್ದಾಗುತ್ತದೆ. ನೀರು ಇನ್ನೂ ಕಾಣುತ್ತಿಲ್ಲ, ಆದರೆ ಬರುತ್ತಿದೆ ಎಂದು ತಿಳಿಯುತ್ತದಲ್ಲ, ಆ ಸದ್ದು. ನಿದ್ದೆಯಲ್ಲ ಇದು. ಪಕ್ಕದಲ್ಲಿ ಕೂರುವ ವೇಲ್ಸಿನ ಗೆಥಿನ್ ತಿವಿಯುತ್ತಾನೆ: "ಏನಯ್ಯಾ, ಮತ್ತೆ ಊರಿಗೆ ಹೋಗಿಬಿಟ್ಯಾ?"

ಹೆಂಗಸರಿಗೆ ವರದಿ ಅಷ್ಟು ಹಿಡಿಸಿತೆಂದು ಕೇಳಿ ಸಂತೋಷವಾಯಿತು. ಕೆಮ್ಮಿಗೆ ಡಾಕ್ಟರನ್ನು ಕಾಣು. ಈಗ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಆ ಕಾನೂನಿಗೆ ಕೈ ಎತ್ತಿದವರಲ್ಲಿ ನಾನೂ ಒಬ್ಬ.

ಅಮೋಸ್


ಸ್ಕೆಲ್‌ಬೆಕ್
೧೪ ಜನವರಿ ೧೯೫೪

ತಮ್ಮಾ,

ನೀನು ಕ್ರಿಸ್ಮಸ್ ಮುಗಿಸಿ ರೈಲು ಹತ್ತಿದ ಮಾರನೆಯ ದಿನವೇ ಮಂಜು ಇಳಿಯಿತು. ಒಂಬತ್ತು ದಿನ ಬಾಗಿಲಾಚೆ ಬೇಲಿ ಕಾಣಲಿಲ್ಲ. ನಿನಗೋಸ್ಕರವೇ ಕಾದಿತ್ತೋ ಏನೋ.

ನನ್ನ ಅಕ್ಷರ ಸೊಟ್ಟಗಿದೆ ಎಂದು ಬೇಜಾರು ಮಾಡಿಕೊಳ್ಳಬೇಡ. ನೀನೇ ನೋಡಿದೆಯಲ್ಲ, ಚಳಿಗೆ ಬಿರಿದ ಕೈ. ಪಟ್ಟಿ ಬಿಚ್ಚಿಲ್ಲ ಇನ್ನೂ. ಕಾಲುಚೀಲ ಕಳಿಸಿದ್ದೇನೆ, ಬಲಗಾಲಿನದು ಹೆಪ್ಸಿ ಹೆಣೆದದ್ದು, ಬಿಗಿಯಾದರೆ ಅವಳನ್ನು ಬೈಯಿ.

ಚೀಟಿ ಎತ್ತಿದಾಗ ನಿನ್ನ ಹೆಸರು ಬಂದು ಅರ್ಧ ಗಂಟೆಯ ಚರ್ಚೆ ಸಿಕ್ಕಿದೆ ಎಂದು ಬರೆದಿದ್ದೀಯಲ್ಲ, ಲೆಟ್ಟಿಗೆ ಹೇಳಿದೆ. "ಅರ್ಧ ಗಂಟೇನಾ? ಮಿಕ್ಕರ್ಧ ಯಾರು ಕೊಡ್ತಾರಂತೆ?" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಕ್ಕರೂ ಫೆಬ್ರವರಿ ಐದರ ಶುಕ್ರವಾರ ನಾಲ್ಕು ಗಂಟೆಗೆ ಎಂಬುದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಆ ಹೊತ್ತಿಗೆ ಇಳಿತ. ಅವರು ಮರಳಿನ ಮೇಲೆ ಇರುತ್ತಾರೆ.

ಡೈನಾ


ಲಂಡನ್
೫ ಫೆಬ್ರವರಿ ೧೯೫೪, ಶುಕ್ರವಾರ

ಅಕ್ಕಾ,

ಸಭೆಯಿಂದ ನೇರ ಬಂದು ಕೋಟು ಬಿಚ್ಚದೆ ಬರೆಯುತ್ತಿದ್ದೇನೆ. ಸೋತೆ.

ನಾಲ್ಕು ಗಂಟೆಗೆ ನನ್ನನ್ನು ಕರೆದಾಗ ಒಳಗೆ ಐದು ಜನ ಇದ್ದರು. ಸಭಾಧ್ಯಕ್ಷರ ಪೀಠದಲ್ಲಿ ಕೂತವರು, ಉತ್ತರ ಕೊಡಬೇಕಾದ ಉಪಮಂತ್ರಿ, ಅವರ ಪಕ್ಷದ ಒಬ್ಬರು, ಗೆಥಿನ್, ನಾನು. ಮಿಕ್ಕವರೆಲ್ಲ ವಾರದ ಕೊನೆಯ ರೈಲು ಹಿಡಿಯಲು ಓಡಿದ್ದರು. ಖಾಲಿ ಬೆಂಚುಗಳಿಗೆ ಹೇಳುತ್ತಾ ಹೋದೆ. ಮರಳುಬಯಲು ಎಂಟು ಮೈಲಿ ಅಗಲ, ಉಬ್ಬರ ಕೊರೆದ ಕಾಲುವೆಗಳು ದಿನದಿನಕ್ಕೆ ಜಾಗ ಬದಲಿಸುತ್ತವೆ, ಮಂಜಿನಲ್ಲಿ ದಡ ಯಾವ ಕಡೆ ಎಂದು ಕುದುರೆಗೂ ತಿಳಿಯುವುದಿಲ್ಲ ಎಂದೆ. ಗಂಟೆ ಹೋದ ಮೇಲಿನ ಆರು ಚಳಿಗಾಲದಲ್ಲಿ ಸತ್ತ ಹನ್ನೊಂದು ಜನರ ಹೆಸರು ಓದಿದೆ. ಕೊನೆಯದು ಜೋಬ್ ಭಾವನದು. ಅವರು ನನ್ನ ಅಕ್ಕನ ಗಂಡ ಎಂದು ಹೇಳಲಿಲ್ಲ.

ಉಪಮಂತ್ರಿ ಇನ್ನೂ ಚಿಕ್ಕ ವಯಸ್ಸಿನವರು, ಒಳ್ಳೆಯ ಮನುಷ್ಯರೇ. ಮೆಲ್ಲಗೆ ಎದ್ದು ಹೇಳಿದರು: 'ಮಾನ್ಯ ಸದಸ್ಯರ ದುಃಖದಲ್ಲಿ ನಾವೂ ಭಾಗಿಗಳು. ಆದರೆ ೧೯೪೬ರ ಫೆಬ್ರವರಿಯ ನಂತರ, ಅಂದರೆ ಈ ಎಂಟು ವರ್ಷಗಳಲ್ಲಿ, ಆ ಮರಳಿನಲ್ಲಿ ಒಬ್ಬರೂ ಸತ್ತಿಲ್ಲ. ಅಲ್ಲಿಯ ಜನ ಗಂಟೆಯಿಲ್ಲದೆ ನಡೆಯಲು ಕಲಿತಿದ್ದಾರೆ. ಆದ್ದರಿಂದ ಗಂಟೆಯ ಅಗತ್ಯ ಈಗ ಇಲ್ಲ.'

ಅದು ನಿಜ. ಒಬ್ಬರೂ ಸತ್ತಿಲ್ಲ. ಯಾಕೆ ಸತ್ತಿಲ್ಲ ಅಕ್ಕಾ? ಮಂಜು ಕಡಿಮೆಯಾಗಿಲ್ಲ, ಕಾಲುವೆ ತುಂಬಿಕೊಂಡಿಲ್ಲ. ಇಷ್ಟು ವರ್ಷ ನಾನು ಇಲ್ಲದ ಅಪಾಯವನ್ನು ಕನಸಿನಲ್ಲಿ ಕಂಡು ಕೂಗುತ್ತಿದ್ದೆನೇ? ಎಲ್ಲರೂ ಎಚ್ಚರವಿರುವಾಗ ನಾನೊಬ್ಬನೇ ನಿದ್ದೆಗಣ್ಣಿನಲ್ಲಿ ಮಾತಾಡುತ್ತಿದ್ದೇನೆ ಎನ್ನಿಸುತ್ತಿದೆ.

ಹೆಂಗಸರಿಗೆ ಹೇಗೆ ಹೇಳುತ್ತೀಯೋ ಹೇಳು.

ಅಮೋಸ್


ಸ್ಕೆಲ್‌ಬೆಕ್
೯ ಫೆಬ್ರವರಿ ೧೯೫೪

ಅಮೋಸ್,

ಕೂತುಕೊಂಡು ಓದು.

ಯಾರೂ ಯಾಕೆ ಸತ್ತಿಲ್ಲ ಎಂದು ಕೇಳಿದ್ದೀಯ. ನಾನು ಬಡಿಯುತ್ತಿದ್ದೇನೆ, ಅದಕ್ಕೆ.

ಜೋಬ್ ಹೋದ ವರ್ಷ ಚಳಿಗಾಲ ಮುಗಿಯುವ ಮೊದಲೇ ಶುರು ಮಾಡಿದೆ. ನಿನ್ನ ರೈಲ್ವೆಯವರು ಕಣಿವೆಗೆ ಎಸೆದಿದ್ದ ಹಳಿಯ ತುಂಡೊಂದನ್ನು ನಾನೂ ಹೆಪ್ಸಿಯೂ ಕೈಗಾಡಿಯಲ್ಲಿ ತಂದು ಹಳೆಯ ಗಂಟೆಗಂಬಕ್ಕೆ ಸರಪಳಿಯಲ್ಲಿ ನೇತುಹಾಕಿದೆವು. ಬಡಿಯಲು ಜೋಬ್‌ನ ಸುತ್ತಿಗೆ. ಇಳಿತದ ಹೊತ್ತಿಗೆ ಮಂಜಿದ್ದರೆ ಹೋಗುತ್ತೇನೆ, ಹೋದವರೆಲ್ಲ ಬಂದ ಮೇಲೆ ಬರುತ್ತೇನೆ. ಮೂರು ಗಂಟೆ, ಕೆಲವು ದಿನ ಐದು. ಕೈ ಬಿರಿದದ್ದು ಚಳಿಗಲ್ಲ.

ಊರಿಗೆಲ್ಲ ಗೊತ್ತು. ಪಾದ್ರಿಗೆ ಗೊತ್ತು, ಪೋಸ್ಟಿನವನಿಗೆ ಗೊತ್ತು. ಗೊತ್ತಿಲ್ಲದ್ದು ಈ ಊರಿನ ಮೆಂಬರಿಗೆ ಒಬ್ಬನಿಗೇ. ಎರಡು ಕ್ರಿಸ್ಮಸ್‌ನಲ್ಲಿ ನೀನಿದ್ದಾಗಲೇ ಮಂಜು ಬಿತ್ತು, ಹೆಪ್ಸಿ ಹೋಗಿ ಬಡಿದಳು. "ಏನೇ ಅಕ್ಕ ಆ ಸದ್ದು?" ಎಂದೆ ನೀನು. "ಕಮ್ಮಾರ ಕಣೋ, ಹಬ್ಬದ ದಿನಾನೂ ಕಬ್ಬಿಣ ಬಡೀತಾನೆ, ದೇವರ ಭಯ ಇಲ್ಲ," ಎಂದೆ ನಾನು. ನೀನು ತಲೆಯಾಡಿಸಿ ಮೀನು ತಿಂದೆ.

ಮುಚ್ಚಿಟ್ಟದ್ದು ಆಣೆಗೋಸ್ಕರ. ಜೋಬ್ ಸಿಗದೆ ಹೋದ ಮೂರನೆಯ ದಿನ ನಾನು ಮಂಜಿನಲ್ಲಿ ನೀರಿಗೆ ನಡೆದದ್ದು, ನೀನು ಸೊಂಟದುದ್ದ ನೀರಿಗಿಳಿದು ನನ್ನನ್ನು ಎಳೆದು ತಂದದ್ದು, ಇನ್ನು ಮಂಜಿನ ದಿನ ಕಂಬದ ಹತ್ತಿರ ಕಾಲಿಡುವುದಿಲ್ಲ ಎಂದು ಅಮ್ಮನ ಬೈಬಲ್ ಮೇಲೆ ಕೈ ಇಡಿಸಿದ್ದು, ಯಾವುದೂ ಮರೆತಿಲ್ಲ. ಇಟ್ಟ ಕೈಯಲ್ಲೇ ಸುತ್ತಿಗೆ ಹಿಡಿದೆ. ಹೇಳಿದ್ದರೆ ನೀನು ಬಿಡಿಸುತ್ತಿದ್ದೆ.

ಜೋಬ್ ಹೋದ ದಿನ ನಾನು ಏನು ಮಾಡಿದೆ ಎಂದು ನೀನು ಎಂದೂ ಕೇಳಲಿಲ್ಲ. ಬಾಗಿಲಲ್ಲಿ ನಿಂತು ಜೋಬ್, ಜೋಬ್ ಎಂದು ಕೂಗಿದೆ. ಮಂಜಿನಲ್ಲಿ ಮನುಷ್ಯರ ಕೂಗು ಎಲ್ಲ ಕಡೆಯಿಂದಲೂ ಬಂದಂತೆ ಕೇಳುತ್ತದೆ, ಅದರಿಂದ ದಾರಿ ತಪ್ಪುವುದೇ ಹೆಚ್ಚು. ಕಬ್ಬಿಣದ ಸದ್ದಿಗೆ ದಿಕ್ಕು ಇರುತ್ತದೆ. ನನ್ನ ಬೆನ್ನ ಹಿಂದೆಯೇ ಅಡುಗೆಮನೆ ತುಂಬ ಪಾತ್ರೆ ಇದ್ದವು. ಒಂದನ್ನು ತೆಗೆದು ಬಡಿಯಬೇಕು ಎಂದು ಹೊಳೆಯಲಿಲ್ಲ.

ಈಗ ಬಡಿಯುವಾಗ ಮೊದಲ ಒಂದು ಗಂಟೆ ಕೈ ನೋಯುತ್ತದೆ. ಆಮೇಲೆ ನೋವು ಯಾರದೋ ಆಗುತ್ತದೆ. ಬಿಳುಪಿನಲ್ಲಿ ನೆಲ ಆಕಾಶ ಎರಡೂ ಇರುವುದಿಲ್ಲ. ಸದ್ದು ನನ್ನಿಂದ ಹೋಗುತ್ತಿದೆಯೋ ನನ್ನ ಕಡೆಗೆ ಬರುತ್ತಿದೆಯೋ ತಿಳಿಯುವುದಿಲ್ಲ. ಆಗ ಅವನು ಕಾಣುತ್ತಾನೆ, ಬುಟ್ಟಿ ಹೆಗಲಿಗೇರಿಸಿಕೊಂಡು ತನ್ನದೇ ನಡಿಗೆಯಲ್ಲಿ, ಅವಸರವಿಲ್ಲದೆ. ಹತ್ತಿರ ಬಂದ ಮೇಲೆ ಅದು ಹೆಪ್ಸಿಯಾಗಿರುತ್ತದೆ, ಇಲ್ಲ ಲೆಟ್ಟಿಯ ಸೊಸೆ. ಪ್ರತಿ ಸಲ ಅವನೇ ಎಂದುಕೊಂಡು ಬಡಿಯುತ್ತೇನೆ, ಪ್ರತಿ ಸಲ ಬೇರೆ ಯಾರೋ ಮನೆ ಸೇರುತ್ತಾರೆ. ಅದೂ ಸರಿಯೇ.

ನೀನು ಅಲ್ಲಿ ನಿಂತು ಸೋಲುತ್ತಿದ್ದ ಆ ಶುಕ್ರವಾರ ನಾಲ್ಕು ಗಂಟೆಗೆ ಇಲ್ಲಿ ಮಂಜಿತ್ತು. ಏಳು ಜನ ಮರಳಿನ ಮೇಲಿದ್ದರು. ಏಳು ಜನವೂ ಬಂದರು. ನನ್ನ ಸುತ್ತಿಗೆಯೇ ನಿನ್ನ ಮಾತನ್ನು ಮುರಿಯಿತು ಎಂದು ನಿನ್ನ ಕಾಗದ ಓದಿದ ಮೇಲೆ ತಿಳಿಯಿತು.

ಡೈನಾ


ಲಂಡನ್
೩ ಮಾರ್ಚ್ ೧೯೫೪

ಅಕ್ಕಾ,

ಮೂರು ವಾರ ಬರೆಯಲಿಲ್ಲ. ನಾಲ್ಕು ಸಲ ಬರೆದು ಹರಿದೆ. ಮೊದಲಿನ ಮೂರು ಬೈಗುಳ, ನಾಲ್ಕನೆಯದು ಅಳು.

ಅರವತ್ತನಾಲ್ಕು ವರ್ಷದವಳು ಚಳಿಯಲ್ಲಿ ಐದು ಗಂಟೆ ನಿಂತು ಕಬ್ಬಿಣ ಬಡಿಯುತ್ತಿದ್ದರೆ, ನಾನು ಬೆಚ್ಚಗಿನ ಸಭೆಯಲ್ಲಿ ಕೂತು ಅದರ ಬಗ್ಗೆ ಪ್ರಶ್ನೆ ಬರೆಯುತ್ತಿದ್ದೆ. ಕಮ್ಮಾರನಂತೆ! ಊರಿನ ದನಿ ನಾನು ಎಂದು ಭಾಷಣ ಬೇರೆ ಮಾಡಿದ್ದೇನೆ.

ನಾನೂ ನಿನ್ನಿಂದ ಒಂದು ಮುಚ್ಚಿಟ್ಟಿದ್ದೇನೆ. ಆ 'ಓಹ್' ಮರುಕವಲ್ಲ. ಇಲ್ಲಿ ಯಾರಾದರೂ ಎಲ್ಲೆ ಮೀರಿದರೆ ಎದುರಿನ ಬೆಂಚಿನವರು ಹಾಗೆ ಗೇಲಿ ಮಾಡುತ್ತಾರೆ. ಅವತ್ತು ನಕ್ಕರು. ನಮ್ಮ ಕಡೆಯವರೂ ನಕ್ಕರು. ಅಂದಿನಿಂದ ಮೊಗಸಾಲೆಯಲ್ಲಿ ನನ್ನನ್ನು 'ಟಿಣ್ ಟಿಣ್' ಎನ್ನುತ್ತಾರೆ. "ಏನ್ರೀ ಟಿಣ್ ಟಿಣ್, ಇವತ್ತು ಬಾರಿಸ್ತೀರಾ?" ಹೆಪ್ಸಿ ಮೂಗು ಒರೆಸಿಕೊಂಡಳೆಂದು ಓದಿದ ಮೇಲೆ ಹೇಗೆ ಹೇಳಲಿ?

ಒಂದೇ ದಾರಿ ಉಳಿದಿದೆ. ಮಾರ್ಚ್ ಹದಿನಾರಕ್ಕೆ ಪ್ರಶ್ನೆ ಹಾಕಿದ್ದೇನೆ, ಏಳನೆಯ ಸಂಖ್ಯೆ, ಖಂಡಿತ ಬರುತ್ತದೆ. ಯಾರೂ ಯಾಕೆ ಸತ್ತಿಲ್ಲ ಎಂದು ಹೇಳಲು ನಿನ್ನ ಹೆಸರು ಹೇಳಬೇಕು. ಅಚ್ಚಾದರೆ ಅಳಿಸಲಾಗುವುದಿಲ್ಲ. ನೀನು ಬೇಡ ಎಂದರೆ ಪ್ರಶ್ನೆ ಹಿಂದಕ್ಕೆ ಪಡೆಯುತ್ತೇನೆ.

ಅಮೋಸ್


ಸ್ಕೆಲ್‌ಬೆಕ್
೬ ಮಾರ್ಚ್ ೧೯೫೪

ತಮ್ಮಾ,

ಹಾಸಿಗೆಯಲ್ಲಿ ಒರಗಿ ಬರೆಯುತ್ತಿದ್ದೇನೆ. ಡಾಕ್ಟರು ಬಂದಿದ್ದರು. "ಇನ್ನೊಂದ್ ಸಲ ಮಂಜಲ್ಲಿ ಹೋದ್ರೆ ಎರಡನೇ ಸಲಕ್ಕೆ ನೀವಿರಲ್ಲ ತಾಯಿ," ಎಂದು ನೇರವಾಗಿ ಹೇಳಿದರು. ಈಗ ಹೆಂಗಸರು ಸರದಿ ಹಾಕಿಕೊಂಡಿದ್ದಾರೆ. ಬಡಿಯಲು ನಿಂತವಳಿಗೆ ಅವತ್ತಿನ ಚಿಪ್ಪಿ ಇಲ್ಲ. ಹೀಗೆ ಎಷ್ಟು ದಿನ?

ಹೆಸರು ಹೇಳು. ಆದರೆ ನಿಜ ಹೇಳು. ಆಣೆ ಮುರಿದವಳು ಎಂಬುದನ್ನೂ ಹೇಳು. 'ಪಾಪದ ಮುದುಕಿ' ಎಂದು ಮಾತ್ರ ಅಂದರೆ ನೋಡು.

'ಓಹ್' ವಿಷಯ ನನಗೆ ಅವತ್ತೇ ಅನುಮಾನ ಬಂದಿತ್ತು. ನಾನೂ ಸಂತೆಯಲ್ಲಿ ಚಿಪ್ಪಿ ಮಾರಿದವಳು, ಯಾವ ಓಹ್ ಎಲ್ಲಿಂದ ಬರುತ್ತದೆ ಎಂದು ಗೊತ್ತು. ಆದರೆ ಹೆಪ್ಸಿಯ ಮುಖ ನೋಡಿ ಸುಮ್ಮನಾದೆ. ಆಮೇಲೆ ಅವಳು ನಂಬಿದ್ದನ್ನು ನಾನೂ ನಂಬಿದೆ.

ಡೈನಾ


ಲಂಡನ್
೧೬ ಮಾರ್ಚ್ ೧೯೫೪

ಅಕ್ಕಾ,

ಸಭೆ ಕಿಕ್ಕಿರಿದಿತ್ತು. ನನಗೋಸ್ಕರವಲ್ಲ, ಆಮೇಲೆ ಪ್ರಧಾನಿಯ ಹೇಳಿಕೆ ಇತ್ತು. ನಾನು ಎದ್ದ ಕೂಡಲೇ ಹಿಂದಿನಿಂದ ಯಾರೋ ಮೆಲ್ಲಗೆ "ಟಿಣ್" ಎಂದರು. ಒಂದು ಸಾಲು ನಕ್ಕಿತು. ಈ ಸಲ ಉಪಮಂತ್ರಿಯಲ್ಲ, ಹಿರಿಯ ಮಂತ್ರಿಯೇ ಎದ್ದರು. ಗಂಟೆಯ ಅಗತ್ಯವಿಲ್ಲ ಎಂಬುದನ್ನು ಫೆಬ್ರವರಿಯಲ್ಲೇ ಹೇಳಲಾಗಿದೆ ಎಂದು ಓದಿ ಕೂತರು.

ಬರೆದುಕೊಂಡ ಚೀಟಿ ಜೇಬಿನಲ್ಲೇ ಉಳಿಯಿತು. ನನ್ನ ಬಾಯಿಂದ ಬಂದದ್ದು ಇಷ್ಟು:

'ಮಂತ್ರಿಗಳು ಅಗತ್ಯವಿಲ್ಲ ಎನ್ನುವ ಗಂಟೆಗೆ ಅರವತ್ತನಾಲ್ಕು ವರ್ಷ. ಅವಳ ಹೆಸರು ಡೈನಾ ಬರೋ. ಈ ಎಂಟು ವರ್ಷ ಪ್ರತಿ ಮಂಜಿನ ದಿನವೂ ಹಳಿಯ ತುಂಡೊಂದನ್ನು ಸುತ್ತಿಗೆಯಿಂದ ಬಡಿದು ಆ ಮರಳಿನಿಂದ ಜನರನ್ನು ಮನೆಗೆ ಕರೆದಿದ್ದಾಳೆ. ಮಂಜಿನ ದಿನ ಆ ಕಂಬದ ಹತ್ತಿರ ಕಾಲಿಡುವುದಿಲ್ಲವೆಂದು ಬೈಬಲ್ ಮುಟ್ಟಿ ಆಣೆ ಇಟ್ಟಿದ್ದಳು, ಮುರಿದಳು. ಆಣೆ ಇಡಿಸಿದವನು ನಾನು, ಅವಳ ತಮ್ಮ. ನನಗೂ ಕಳೆದ ತಿಂಗಳವರೆಗೆ ಗೊತ್ತಿರಲಿಲ್ಲ. ಈಗ ಅವಳು ಹಾಸಿಗೆ ಹಿಡಿದಿದ್ದಾಳೆ. ಇನ್ನು ಬರುವ ಮಂಜಿಗೆ ಯಾರು ಜವಾಬು ಕೊಡುತ್ತಾರೆ?'

ಅಷ್ಟು ಜನರಿದ್ದ ಆ ಸಭೆ ನೀರು ಪೂರ್ತಿ ಇಳಿದ ಬಯಲಿನಂತೆ ಆಯಿತು. ಒಂದು ಹಕ್ಕಿ ಕೂಗಿದ್ದರೂ ಕೇಳಿಸುತ್ತಿತ್ತು. ಅಲ್ಲಿ ನಿಂತಿರುವಾಗಲೇ ನನಗೆ ಕಬ್ಬಿಣದ ಸದ್ದು ಕೇಳಿಸಿತು ಎಂದರೆ ನೀನು ನಗಬಾರದು. ಮಂತ್ರಿ ಎದ್ದರು. ಕಾಗದ ತಿರುವಿ ನೋಡಿದರು, ಅದರಲ್ಲಿ ಇದಕ್ಕೆ ಏನೂ ಬರೆದಿರಲಿಲ್ಲ. ಕಾಗದವನ್ನು ಮೇಜಿನ ಮೇಲಿಟ್ಟು ಕೇಳಿದರು: "ನಿಮ್ಮ ಅಕ್ಕ ಈಗ ಹೇಗಿದ್ದಾರೆ?"

ನಾನು ಏಳಲು ಹೋದೆ. ನಿಯಮ ನೋಡು, ಒಬ್ಬರಿಗೆ ಒಂದೇ ಉಪಪ್ರಶ್ನೆ, ಮಂತ್ರಿ ಕೇಳಿದ್ದಕ್ಕೆ ಸದಸ್ಯ ಉತ್ತರಿಸುವ ಪದ್ಧತಿ ಇಲ್ಲ. ಸಭಾಧ್ಯಕ್ಷರು ಒಂದು ಕ್ಷಣ ನನ್ನನ್ನೇ ನೋಡಿ, ಎಂಟನೆಯ ಸಂಖ್ಯೆ ಕರೆದರು. ಹೊರಗೆ ಮೊಗಸಾಲೆಯಲ್ಲಿ ಮಂತ್ರಿಯೇ ಬಂದು ನನ್ನ ತೋಳು ಹಿಡಿದರು. ಆಗ ಹೇಳಿದೆ. ಹೇಗಿದ್ದೀಯ ಅಕ್ಕಾ? ಅವರಿಗೆ, 'ಹಟಮಾರಿ, ಬದುಕುತ್ತಾಳೆ' ಎಂದಿದ್ದೇನೆ. ಸುಳ್ಳು ಮಾಡಬೇಡ.

ಅಮೋಸ್


ಸ್ಕೆಲ್‌ಬೆಕ್
೨ ಸೆಪ್ಟೆಂಬರ್ ೧೯೫೪

ತಮ್ಮಾ,

ಗಂಟೆ ಬಂತು. ಹಳೆಯದು ಎಲ್ಲೂ ಸಿಗಲಿಲ್ಲವಂತೆ, ಇದು ಹೊಸದು, ಹಡಗುಕಟ್ಟೆಯಲ್ಲಿ ಎರೆದದ್ದು. ಗೂಡ್ಸ್ ಗಾಡಿಯಲ್ಲಿ ಹುಲ್ಲಿನ ನಡುವೆ ಮಲಗಿಸಿ ಕಳಿಸಿದ್ದರು. ಇಳಿಸುವಾಗ ನಾಲಗೆ ಸಡಿಲಾಗಿ ಒಂದೇ ಒಂದು ಸಲ ಹೊಡೆಯಿತು, ಸ್ಟೇಷನ್ನಿನಲ್ಲಿದ್ದ ಗಂಡಸರೆಲ್ಲ ಟೋಪಿ ತೆಗೆದರು.

ಜೊತೆಗೆ ಒಂದು ಸರ್ಕಾರಿ ಕಾಗದವೂ ಬಂತು. ಗಂಟೆ ಬಾರಿಸುವವರ ಹುದ್ದೆ ಒಂದು, ಸಂಬಳ ಉಂಟು, ಅರವತ್ತು ಮೀರಿದವರು ಅರ್ಜಿ ಹಾಕುವಂತಿಲ್ಲ. ಹೆಪ್ಸಿ ಅದನ್ನು ಓದಿ ಒಲೆಗೆ ಹಾಕಲು ಹೋದಳು.

"ಇದೇನ್ ನ್ಯಾಯ ಡೈನಾ? ಎಂಟ್ ವರ್ಷ ಸುಮ್ನೆ ಬಡಿದೋರಿಗೆ ಇಲ್ಲಾಂತಾರಲ್ಲ!"

"ಏ, ಇಡೇ ಅದನ್ನ. ನೀನೇ ಅರ್ಜಿ ಹಾಕು."

"ನಾನಾ? ನಾ ಹಾಕಲ್ಲಪ್ಪ."

"ಎರಡು ಮಕ್ಕಳಿದಾವೆ, ಗಂಡ ಇಲ್ಲ. ಹಾಕ್ತೀಯೋ ಸುತ್ತಿಗೆ ತರ್ಲೋ?"

ಹಾಕಿದ್ದಾಳೆ. ಇದರ ಮೇಲೆ ನೀನು ಪ್ರಶ್ನೆ ಕೇಳಲು ಹೋಗಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ನನಗೆ ಉಸಿರು ಈಗ ಅರ್ಧ ಎದೆಗೇ ನಿಲ್ಲುತ್ತದೆ. ಹಳಿಯ ತುಂಡನ್ನು ಬಿಚ್ಚಿ ಕೆಳಗಿಟ್ಟರು. ಅದರ ಒಂದು ಕಡೆ ಕನ್ನಡಿಯಂತೆ ಸವೆದು ಹೊಳೆಯುತ್ತಿತ್ತು.

ಡೈನಾ


ಲಂಡನ್
೨೦ ಅಕ್ಟೋಬರ್ ೧೯೫೪

ಅಕ್ಕಾ,

ಅರವತ್ತರ ನಿಯಮದ ಮೇಲೆ ಪ್ರಶ್ನೆ ಬರೆದಿಟ್ಟಿದ್ದೆ. ನಿನ್ನ ಕಾಗದ ಬಂದ ಮೇಲೆ ಹರಿದೆ. ಮನಸ್ಸಿಲ್ಲದೆ ಹರಿದೆ.

ಈಗ ಟಿಣ್ ಟಿಣ್ ಎನ್ನುವವರಿಲ್ಲ. ಹಿಂದಿನ ಬೆಂಚಿನವರು ಒಬ್ಬೊಬ್ಬರಾಗಿ ಬಂದು ತಮ್ಮ ಊರಿನ ಕಾಲುಸೇತುವೆ, ಬಾವಿ, ಬೀಗ ಬಿದ್ದ ಶಾಲೆ ಇವನ್ನೆಲ್ಲ ಹೇಳುತ್ತಾರೆ. "ನಮ್ಮಲ್ಲಿ ಯಾರೂ ಇನ್ನೂ ಸತ್ತಿಲ್ಲ, ಹೇಗೆ ಕೇಳೋದು?" ಎಂದು ಗೆಥಿನ್ ಕೇಳಿದ. "ಯಾಕೆ ಸತ್ತಿಲ್ಲ ಅಂತ ಊರಿಗೆ ಹೋಗಿ ನೋಡ್ಕೊಂಡು ಬಾ," ಎಂದೆ.

ಮೊದಲ ಮಂಜಿನ ದಿನ ಹೇಗಿತ್ತು ಎಂದು ಬರೆ. ನೀನು ಒಲೆಯ ಮುಂದೆ ಕೂತು, ಕೈಯಲ್ಲಿ ಚಹಾ ಹಿಡಿದು, ಆ ಸದ್ದು ಕೇಳುತ್ತಿರುವುದನ್ನು ದಿನವೂ ಕಣ್ಣ ಮುಂದೆ ತಂದುಕೊಳ್ಳುತ್ತೇನೆ.

ಅಮೋಸ್


ಸ್ಕೆಲ್‌ಬೆಕ್
೮ ನವೆಂಬರ್ ೧೯೫೪

ತಮ್ಮಾ,

ಇವತ್ತು ಮಂಜು ಬಂತು. ಒಲೆಯ ಮುಂದೆ ಕೂರಲಿಲ್ಲ. ಬೈಯುವುದನ್ನು ಕ್ರಿಸ್ಮಸ್‌ಗೆ ಬಂದಾಗ ಬೈಯಿ.

ಬೆಳಗ್ಗೆ ಬಯಲು ನಿಚ್ಚಳವಾಗಿತ್ತು. ಇಳಿತಕ್ಕೆ ಏಳು ಜನ ಹೊರಟರು. ಹೆಪ್ಸಿ ಕಂಬದ ಹತ್ತಿರ ಬೆನ್ನು ತಿರುಗಿಸಿ ಹಗ್ಗಕ್ಕೆ ಎಣ್ಣೆ ಹಚ್ಚುತ್ತಿದ್ದಳು. ನಾನು ಜೋಬ್‌ನ ಬೂಟು ಹಾಕಿಕೊಂಡು ಲೆಟ್ಟಿಯ ಸೊಸೆಯ ಗಾಡಿಯ ಹಿಂದೆ ಹತ್ತಿದೆ. "ಎಲ್ಲಿಗೆ ನೀನು?" ಎಂದಳು. "ಸುಮ್ನೆ ಹೊಡಿ ಕುದುರೆ," ಎಂದೆ. ಎಂಟು ವರ್ಷದಲ್ಲಿ ನಾನು ಆ ಮರಳಿನ ಮೇಲೆ ಕಾಲಿಟ್ಟಿರಲಿಲ್ಲ. ಕರೆಯುವ ಜಾಗದಲ್ಲೇ ನಿಂತಿದ್ದೆ, ಕರೆ ಕೇಳುವ ಜಾಗ ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ.

ಕರಿಕಾಲುವೆಯ ಹತ್ತಿರ ಇಳಿದೆ. ಜೋಬ್‌ನ ಬುಟ್ಟಿ ಸಿಕ್ಕಿದ ಜಾಗ. ನಾವು ಅಲ್ಲಿದ್ದಾಗಲೇ ಮಂಜು ಕವಿಯಿತು. ಮೊದಲು ಬೆಟ್ಟ ಹೋಯಿತು, ಆಮೇಲೆ ಕುದುರೆ, ಆಮೇಲೆ ನನ್ನ ಕೈ. ಹೆದರಿಕೆಯಾಗಲಿಲ್ಲ. ಹಾಲಿನೊಳಗೆ ನಿಂತಂತೆ ಇತ್ತು. ಗಂಟೆ ಈಗ ಶುರುವಾಗುತ್ತದೆ ಎಂದು ಕಿವಿಗೊಟ್ಟೆ.

ಕೇಳಿಸಲಿಲ್ಲ, ಅಮೋಸ್.

ಕಾಲುವೆಯಲ್ಲಿ ನೀರು ಹರಿಯುವ ಸದ್ದು ಕಿವಿ ತುಂಬ. ಅದರ ಮೇಲೆ ಬೇರೆ ಯಾವುದೂ ಬರುವುದಿಲ್ಲ. ಲೆಟ್ಟಿಯ ಸೊಸೆ ನನ್ನ ತೋಳು ಹಿಡಿದು, ಕುದುರೆಯ ಲಗಾಮು ಎಳೆಯುತ್ತಾ, ಮರಳಿನ ಗೆರೆಗಳನ್ನು ಕಾಲಿನಲ್ಲಿ ತಡವುತ್ತಾ ನಡೆದಳು. ನೂರು ಹೆಜ್ಜೆ, ಇನ್ನೂರು. ಮುನ್ನೂರಕ್ಕೆ ನೀರಿನ ಸದ್ದು ಹಿಂದಾಯಿತು, ಆಗ ಬಂತು, ದಿಕ್ಕು ತೋರಿಸುವ ಒಂದು ಪೆಟ್ಟು, ಇನ್ನೊಂದು. ಅಷ್ಟು ದೊಡ್ಡ ಗಂಟೆಯೇ ಕಾಲುವೆಗೆ ಮುಟ್ಟುವುದಿಲ್ಲ. ಅಡುಗೆಮನೆಯ ಎಲ್ಲ ಪಾತ್ರೆಗಳನ್ನೂ ತಂದು ಬಡಿದಿದ್ದರೂ ಅವನಿಗೆ ಕೇಳಿಸುತ್ತಿರಲಿಲ್ಲ. ಅಲ್ಲೇ ನಿಂತು ಅತ್ತೆ. ಹುಡುಗಿ ಲಗಾಮು ಹಿಡಿದು ಕಾದಳು.

ಹಾಗಾಗಿ ಕಾಲುವೆಯ ಈಚೆ ದಡದಲ್ಲಿ ಇನ್ನೊಂದು ಗಂಟೆ ಬೇಕು, ಚಿಕ್ಕದಾದರೂ ಸಾಕು. ಪ್ರಶ್ನೆ ಬರೆಯಲು ಶುರು ಮಾಡು. ಮುನ್ನೂರು ಹೆಜ್ಜೆ ಎಂದು ನಿಖರವಾಗಿ ಹೇಳು, ಎಣಿಸಿದ್ದೇನೆ.

ಆಮೇಲೆ ಸದ್ದನ್ನು ಹಿಡಿದು ನಡೆದೆವು. ಬೇರೆಯವರೂ ಅಲ್ಲಲ್ಲಿಂದ ಬಂದು ಸೇರಿಕೊಂಡರು. ಮುಖ ಕಾಣಲಿಲ್ಲ, ಬುಟ್ಟಿಗಳು ಕಿರುಗುಟ್ಟುವುದು ಮಾತ್ರ ಕೇಳುತ್ತಿತ್ತು. ಕಂಬಕ್ಕೆ ಕೈ ತಗುಲಿದಾಗ ಹೆಪ್ಸಿ ಮೇಲಿನ ಅಟ್ಟಣಿಗೆಯಿಂದ ಕೂಗಿದಳು, "ಎಷ್ಟು ಜನ?"

"ಎಂಟು," ಎಂದಳು ಲೆಟ್ಟಿಯ ಸೊಸೆ.

"ಹೋಗಿದ್ದು ಏಳಲ್ವೇನೇ?"

"ನಾನೂ ಹೋಗಿದ್ದೆ ಕಣೇ," ಎಂದೆ.

ಆಮೇಲೆ ಹೆಪ್ಸಿ ಹಗ್ಗ ಬಿಟ್ಟು ಇಳಿದು ಬಂದಳು.

ಡೈನಾ